ಪದ ಹುಡುಕಿ ಸುಳ್ಳು ಹಿಡಿಯಬಹುದೇ? ಕೊಡಗಿನ ಮಳೆಗಾಲದ ಫಾರ್ವರ್ಡ್‌ಗಳು ಮತ್ತು ಒಂದು ಪುಟ್ಟ ಹಸಿರು ಬ್ಲಾಕ್

ಮೊದಲು ಈ ಎರಡು ಮೆಸೇಜ್ ಓದಿ. ಇವನ್ನು ಉದಾಹರಣೆಗಾಗಿ ನಾವೇ ಬರೆದಿದ್ದೇವೆ. ಆದರೆ ಕೊಡಗಿನ ಯಾವುದಾದರೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇರುವವರಿಗೆ ಇಂಥವು ಹೊಸದೇನಲ್ಲ.

ಮೆಸೇಜ್ 1: ‘ತುರ್ತು!! ಭಾರೀ ಮಳೆ, ನಾಳೆ ಕೊಡಗಿನಲ್ಲಿ ಎಲ್ಲಾ ಶಾಲೆಗಳಿಗೆ ರಜೆ. ಎಲ್ಲರಿಗೂ ಕಳುಹಿಸಿ.’

ಮೆಸೇಜ್ 2: ‘ತುರ್ತು. ಲೈನ್ ಮನೆಗಳ ಹಿಂದಿನ ಬರೆ ಜಾರುತ್ತಿದೆ. ಕೂಡಲೇ ಹೊರಬಂದು ಶಾಲೆ ಹತ್ತಿರ ಬನ್ನಿ. ಎಲ್ಲರಿಗೂ ತಿಳಿಸಿ.’

ಮೊದಲನೆಯದು ಹೋದ ವರ್ಷದ್ದು, ಯಾರೋ ಮತ್ತೆ ಹರಿಬಿಟ್ಟಿದ್ದಾರೆ ಎಂದುಕೊಳ್ಳಿ. ಎರಡನೆಯದು ನಿಜ, ಈಗಷ್ಟೇ ತೋಟದ ರೈಟರ್ ಒಬ್ಬರು ಟೈಪ್ ಮಾಡಿದ್ದು ಎಂದುಕೊಳ್ಳಿ. ಇವೆರಡನ್ನೂ ಒಂದು ಕಂಪ್ಯೂಟರ್ ಪ್ರೋಗ್ರಾಂಗೆ ಕೊಟ್ಟರೆ ಅದು ವ್ಯತ್ಯಾಸ ಹಿಡಿಯಬಲ್ಲದೇ?

ಕಳೆದ ಮಳೆಗಾಲದಲ್ಲಿ ಮಡಿಕೇರಿ ಸಮೀಪದ ಒಂದು ಶಾಲೆಯ ಎಂಟನೇ ತರಗತಿ ಮಕ್ಕಳು ಇದನ್ನೇ ಪ್ರಯತ್ನಿಸಿದರು. ನಾನು ಜೊತೆಗಿದ್ದೆ. ‘ಸುಳ್ಳು ಫಾರ್ವರ್ಡ್ ಹಿಡಿಯುವ ಯಂತ್ರ’ ಎಂದು ಅದಕ್ಕೆ ಹೆಸರಿಟ್ಟಿದ್ದರು. ಎರಡೂ ಮೆಸೇಜ್‌ಗಳಿಗೆ ಯಂತ್ರ ಕೊಟ್ಟ ಉತ್ತರ ಒಂದೇ: ‘ಇದು ಸುಳ್ಳು!’ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ‘ಮಿಸ್, ನಮ್ಮ ಮನೆ ಲೈನಲ್ಲೇ ಇರೋದು. ಇದನ್ನ ನಂಬಿದ್ರೆ ನಾವು ಒಳಗೇ ಇರ್ತಿದ್ವಲ್ಲ?’

ಆ ಪ್ರಶ್ನೆಗೆ ಉತ್ತರ ಹುಡುಕಲು ಆ ಯಂತ್ರ ಒಳಗೆ ಏನು ಮಾಡುತ್ತದೆ ಎಂದು ತಿಳಿಯಬೇಕು.

ಬ್ಲಾಕ್ ಜೋಡಿಸಿ ಬರೆಯುವ ಪ್ರೋಗ್ರಾಂ

ಮಕ್ಕಳು ಬಳಸಿದ್ದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಎಲ್ಲರಿಗೂ ತೆರೆದಿಟ್ಟ ಭಾಷೆ ಇದು. ಇದರಲ್ಲಿ ಸಾಲು ಸಾಲು ಕೋಡ್ ಟೈಪ್ ಮಾಡಬೇಕಿಲ್ಲ. ಬಣ್ಣಬಣ್ಣದ ಬ್ಲಾಕ್‌ಗಳನ್ನು ಬೆರಳಿನಿಂದಲೋ ಮೌಸ್‌ನಿಂದಲೋ ಎಳೆದು ಒಂದಕ್ಕೊಂದು ಸಿಕ್ಕಿಸಿದರೆ ಪ್ರೋಗ್ರಾಂ ಸಿದ್ಧ. ಇಂಥವನ್ನು ಗ್ರಾಫಿಕಲ್ ಪ್ರೋಗ್ರಾಮಿಂಗ್ ಭಾಷೆ ಎನ್ನುತ್ತಾರೆ. ಮೊಬೈಲ್ ಆ್ಯಪ್ ಮಾಡಲು ಬಳಸುವ ಆ್ಯಪ್ ಇನ್ವೆಂಟರ್, ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಬಳಸುವ ಲ್ಯಾಬ್‌ವ್ಯೂ ಇದೇ ಬಳಗದವು.

2019ರ ಜನವರಿಯಲ್ಲಿ ಬಂದ ಸ್ಕ್ರ್ಯಾಚ್‌ನ ಮೂರನೇ ಆವೃತ್ತಿಯಲ್ಲಿ ‘ಕಂಟೇನ್ಸ್’ ಎಂಬ ಹಸಿರು ಬಣ್ಣದ, ಆರು ಮೂಲೆಯ ಬ್ಲಾಕ್ ಇದೆ. ಅದರಲ್ಲಿ ಎರಡು ಖಾಲಿ ಜಾಗ. ಮೊದಲನೆಯದರಲ್ಲಿ ಪೂರ್ತಿ ಪಠ್ಯ ಹಾಕಬೇಕು, ಎರಡನೆಯದರಲ್ಲಿ ಹುಡುಕಬೇಕಾದ ಪ್ಯಾಟರ್ನ್. ‘ಇದರೊಳಗೆ ಅದು ಇದೆಯೇ?’ ಎಂದು ಬ್ಲಾಕ್ ನೋಡುತ್ತದೆ. ಉತ್ತರ ಎರಡೇ: ಹೌದು ಅಥವಾ ಇಲ್ಲ.

ಮಕ್ಕಳ ಪ್ರೋಗ್ರಾಂ ಹೀಗಿತ್ತು:

1. ಹಸಿರು ಬಾವುಟ ಒತ್ತಿದಾಗ ‘ಮೆಸೇಜ್ ಇಲ್ಲಿ ಹಾಕಿ’ ಎಂದು ಕೇಳು.
2. ಹಾಕಿದ ಮೆಸೇಜ್‌ನಲ್ಲಿ ‘ತುರ್ತು’ ಇದೆಯೇ, ಅಥವಾ ‘ಎಲ್ಲರಿಗೂ’ ಇದೆಯೇ, ಅಥವಾ ‘ಶೇರ್ ಮಾಡಿ’ ಇದೆಯೇ ಎಂದು ನೋಡು.
3. ಒಂದಾದರೂ ಇದ್ದರೆ ‘ಇದು ಸುಳ್ಳು!’ ಎನ್ನು.
4. ಯಾವುದೂ ಇಲ್ಲದಿದ್ದರೆ ‘ಇದು ನಿಜ’ ಎನ್ನು.

ಹತ್ತೇ ನಿಮಿಷದ ಕೆಲಸ. ನೋಡಲು ಚೆನ್ನಾಗಿಯೂ ಇತ್ತು. ತಪ್ಪು ಇದ್ದದ್ದು ಮೂರು ಮತ್ತು ನಾಲ್ಕನೇ ಹೆಜ್ಜೆಗಳಲ್ಲಿ.

ಬ್ಲಾಕ್ ಒಳಗೆ ನಡೆಯುವುದೇನು?

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಂಖ್ಯೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಜಾಗ ಮೀಸಲಾಗಿದೆ. ‘ಆ’ ಎಂದರೆ 3206. ದೀರ್ಘದ ಚಿಹ್ನೆ ‘ಾ’ ಎಂದರೆ 3262.

‘ಮಡಿಕೇರಿ’ಯನ್ನು ನಾವು ನಾಲ್ಕು ಅಕ್ಷರ ಎಂದು ಎಣಿಸುತ್ತೇವೆ. ಕಂಪ್ಯೂಟರ್‌ಗೆ ಅದು ಏಳು: ಮ, ಡ, ಗುಡಿಸು, ಕ, ಏತ್ವ ದೀರ್ಘ, ರ, ಗುಡಿಸು. ಅನುಮಾನವಿದ್ದರೆ ಸ್ಕ್ರ್ಯಾಚ್‌ನಲ್ಲೇ ಉದ್ದ ಅಳೆಯುವ ಬ್ಲಾಕ್‌ಗೆ ಈ ಪದ ಕೊಟ್ಟು ನೋಡಿ, 7 ಎಂದು ಬರುತ್ತದೆ.

ಈಗ ‘ಮಡಿಕೇರಿ’ಯೊಳಗೆ ‘ಕೇರಿ’ ಇದೆಯೇ ಎಂದು ಹುಡುಕೋಣ. ‘ಕೇರಿ’ಯ ಉದ್ದ ನಾಲ್ಕು. ಅದನ್ನು ಒಂದು ಚೀಟಿಯಲ್ಲಿ ಬರೆದು ‘ಮಡಿಕೇರಿ’ಯ ಕೆಳಗೆ ಎಡತುದಿಯಲ್ಲಿ ಇಟ್ಟ ಹಾಗೆ ಊಹಿಸಿ. ‘ಮ’ ಮತ್ತು ‘ಕ’ ಹೊಂದುವುದಿಲ್ಲ. ಚೀಟಿಯನ್ನು ಒಂದು ಮನೆ ಬಲಕ್ಕೆ ಸರಿಸಿ. ‘ಡ’ ಮತ್ತು ‘ಕ’ ಹೊಂದುವುದಿಲ್ಲ. ಮತ್ತೆ ಸರಿಸಿ. ಗುಡಿಸು ಮತ್ತು ‘ಕ’ ಹೊಂದುವುದಿಲ್ಲ. ನಾಲ್ಕನೇ ಜಾಗಕ್ಕೆ ಬಂದಾಗ ನಾಲ್ಕಕ್ಕೆ ನಾಲ್ಕೂ ಹೊಂದುತ್ತವೆ. ಉತ್ತರ: ಹೌದು.

ಈ ಕೆಲಸವನ್ನು ವೇಗವಾಗಿ ಮಾಡುವ ಜಾಣ ವಿಧಾನಗಳು 1970ರ ದಶಕದಿಂದಲೇ ಇವೆ. ಆದರೆ ಯಾವ ವಿಧಾನವಾದರೂ ಮಾಡುವುದು ಸಂಖ್ಯೆಗೆ ಸಂಖ್ಯೆ ಹೋಲಿಸುವ ಕೆಲಸವನ್ನೇ. ಅರ್ಥ ಎಂಬುದು ಇಲ್ಲಿ ಎಲ್ಲೂ ಬರುವುದಿಲ್ಲ.

ಇನ್ನೊಂದು ತಮಾಷೆ ಕೇಳಿ. ಹುಡುಕುವ ಜಾಗವನ್ನು ಖಾಲಿ ಬಿಟ್ಟರೆ ಬ್ಲಾಕ್ ಯಾವ ಮೆಸೇಜ್‌ಗೂ ‘ಹೌದು’ ಎನ್ನುತ್ತದೆ. ಏನನ್ನೂ ಹುಡುಕದಿದ್ದರೆ ಅದು ಎಲ್ಲ ಕಡೆಯೂ ಸಿಗುತ್ತದೆ ಎಂಬುದು ಅದರ ಲೆಕ್ಕ. ಒಂದು ಗುಂಪಿನ ಮಕ್ಕಳ ಯಂತ್ರ ‘ನಮಸ್ಕಾರ’ ಎಂದರೂ ‘ಸುಳ್ಳು!’ ಎನ್ನುತ್ತಿತ್ತು. ಕಾರಣ ಹೀಗೆ ಬಿಟ್ಟುಹೋದ ಒಂದು ಖಾಲಿ ಜಾಗ.

ಕನ್ನಡದಲ್ಲಿ ಬ್ಲಾಕ್ ಎಡವುವುದು ಎಲ್ಲೆಲ್ಲಿ?

ಇಂಗ್ಲಿಷ್ ಪದಗಳ ಮೇಲೆ ಸುಲಭವಾಗಿ ನಡೆಯುವ ಈ ಹುಡುಕಾಟ ಕನ್ನಡಕ್ಕೆ ಬಂದಾಗ ಹಲವು ಕಡೆ ಜಾರುತ್ತದೆ. ಮಕ್ಕಳೇ ಒಂದೊಂದಾಗಿ ಕಂಡುಕೊಂಡದ್ದು ಇವು.

*ಕೊಡಗು ಸಿಗಲಿಲ್ಲ.* ಮೆಸೇಜ್ 1ರಲ್ಲಿ ‘ಕೊಡಗು’ ಇದೆಯೇ ಎಂದು ಕೇಳಿದರೆ ಬ್ಲಾಕ್ ‘ಇಲ್ಲ’ ಎನ್ನುತ್ತದೆ. ಅಲ್ಲಿರುವುದು ‘ಕೊಡಗಿನಲ್ಲಿ’. ವಿಭಕ್ತಿ ಸೇರಿದಾಗ ಕೊನೆಯ ‘ಉ’ ಹೋಗಿ ‘ಇ’ ಬಂದಿದೆ. ಬದಲಾಗದ ಭಾಗವಾದ ‘ಕೊಡಗ’ವನ್ನು ಕೊಟ್ಟರೆ ಎರಡೂ ಸಿಗುತ್ತವೆ. ‘ಕೂರ್ಗ್’ ಎಂದು ಬರೆದದ್ದು ಆಗಲೂ ಸಿಗುವುದಿಲ್ಲ.

*ಕಾಡಾನೆಯೊಳಗೆ ಆನೆ ಇಲ್ಲ.* ‘ಕಾಡಾನೆ ಬಂದಿದೆ, ತೋಟಕ್ಕೆ ಇಳಿಯಬೇಡಿ’ ಎಂಬ ಮೆಸೇಜ್‌ನಲ್ಲಿ ‘ಆನೆ’ ಹುಡುಕಿ. ಉತ್ತರ ‘ಇಲ್ಲ’. ಕಾಡು ಮತ್ತು ಆನೆ ಸಂಧಿಯಾದಾಗ 3206 ಸಂಖ್ಯೆಯ ‘ಆ’ ಮಾಯವಾಗಿ 3262ರ ದೀರ್ಘದ ಚಿಹ್ನೆ ಉಳಿಯುತ್ತದೆ. ಹಾಗಾದರೆ ‘ಾನೆ’ ಎಂದೇ ಹುಡುಕೋಣ ಎಂದ ಒಬ್ಬ ಹುಡುಗ. ಆಗ ‘ಅಣ್ಣ ನಾಳೆ ಬರುತ್ತಾನೆ’ ಎಂಬುದಕ್ಕೂ ಆನೆಯ ಎಚ್ಚರಿಕೆ ಬಂತು.

*ಬರೆ ಮತ್ತು ಬರೆದವರು.* ಕೊಡಗಿನಲ್ಲಿ ರಸ್ತೆ ಅಥವಾ ಮನೆಯ ಹಿಂದಿನ ಕಡಿದಾದ ಮಣ್ಣಿನ ಗೋಡೆಗೆ ಬರೆ ಎನ್ನುತ್ತಾರೆ. ‘ಬರೆ’ ಹುಡುಕಿದರೆ ‘ಪತ್ರ ಬರೆದವರು’ ಎಂಬುದೂ ಸಿಗುತ್ತದೆ. ‘ಕರೆ’ ಹುಡುಕಿದರೆ ‘ಸಕ್ಕರೆ’ ಸಿಗುತ್ತದೆ. ‘ಕುಸಿತ’ ಹುಡುಕಿದರೆ ‘ಕರಿಮೆಣಸಿನ ಬೆಲೆ ಕುಸಿತ’ವೂ ಸಿಗುತ್ತದೆ. ಆದರೆ ಮೆಸೇಜ್ 2ರ ‘ಬರೆ ಜಾರುತ್ತಿದೆ’ ಎಂಬುದರಲ್ಲಿ ಕುಸಿತ ಎಂಬ ಪದವೇ ಇಲ್ಲ.

*ಕಣ್ಣಿಗೆ ಒಂದೇ, ಸಂಖ್ಯೆಗೆ ಬೇರೆ.* ಅನುಸ್ವಾರ ‘ಂ’ 3202ನೇ ಜಾಗದಲ್ಲಿದೆ. ಕನ್ನಡದ ಸೊನ್ನೆ ‘೦’ 3302ನೇ ಜಾಗದಲ್ಲಿದೆ. ಫೋನಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಯಾರಾದರೂ ಸೊನ್ನೆ ಒತ್ತಿ ‘ಸ೦ಪಾಜೆ’ ಎಂದು ಬರೆದಿದ್ದರೆ ‘ಸಂಪಾಜೆ’ ಹುಡುಕಿದಾಗ ಅದು ಸಿಗುವುದಿಲ್ಲ. ‘ಕೊ’ ಬರೆಯುವಾಗ ‘ೊ’ ಎಂಬ ಒಂದೇ ಚಿಹ್ನೆ ಇರಬಹುದು, ಇಲ್ಲವೇ ಎತ್ವ ಮತ್ತು ಊತ್ವ ಎಂಬ ಎರಡು ಚಿಹ್ನೆ ಅಕ್ಕಪಕ್ಕ ಇರಬಹುದು. ಇವೆರಡೂ ಸಮಾನ ಎಂದು ಯೂನಿಕೋಡ್ ನಿಯಮ ಹೇಳುತ್ತದೆ. ಆದರೆ ಕಂಟೇನ್ಸ್ ಬ್ಲಾಕ್ ಅಷ್ಟು ದೂರ ಹೋಗಿ ನೋಡುವುದಿಲ್ಲ.

*ಒಂದೇ ಪದ, ಹಲವು ಬರಹ.* ಸರ್ಕಾರ, ಸರಕಾರ. ಫಾರ್ವರ್ಡ್, ಫಾರ್‌ವರ್ಡ್. ವಾಟ್ಸಪ್, ವಾಟ್ಸಾಪ್, ವಾಟ್ಸ್‌ಆ್ಯಪ್. ಇದರ ಮೇಲೆ ಕೊಡಗಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು ಮಾತನ್ನೂ ಕನ್ನಡ ಲಿಪಿಯಲ್ಲೇ ಟೈಪ್ ಮಾಡುವವರಿದ್ದಾರೆ. ಪುಸ್ತಕದ ಕನ್ನಡದಲ್ಲಿ ಮಾಡಿದ ಪಟ್ಟಿ ಅವರ ಮೆಸೇಜ್‌ಗಳನ್ನು ಹಿಡಿಯುವುದಿಲ್ಲ.

ಇವುಗಳಲ್ಲಿ ಕೆಲವನ್ನು ತಾಂತ್ರಿಕವಾಗಿ ಸರಿಪಡಿಸಬಹುದು. ಒಂದು ಪದದ ಬದಲು ಹತ್ತು ರೂಪಗಳ ಪಟ್ಟಿ ಕೊಡಬಹುದು. ಲ್ಯಾಬ್‌ವ್ಯೂನಂಥ ಭಾಷೆಗಳಲ್ಲಿ ‘ಈ ಅಕ್ಷರ, ಆಮೇಲೆ ಏನಾದರೂ, ಆಮೇಲೆ ಒಂದು ಅಂಕಿ’ ಎಂಬಂಥ ನಿಯಮವನ್ನೇ ಪ್ಯಾಟರ್ನ್ ಆಗಿ ಕೊಡುವ ಸೌಲಭ್ಯವೂ ಇದೆ. ಆದರೆ ಪಟ್ಟಿ ಎಷ್ಟೇ ಉದ್ದವಾದರೂ ಉಳಿಯುವ ತೊಂದರೆ ಒಂದಿದೆ.

ನಿರಾಕರಣೆಯೊಳಗೂ ವದಂತಿಯ ಪದಗಳೇ

‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬುದು ವದಂತಿ. ‘ಮಕ್ಕಳ ಕಳ್ಳರು ಬಂದಿದ್ದಾರೆ ಎಂಬುದು ಸುಳ್ಳು, ನಂಬಬೇಡಿ’ ಎಂಬುದು ಪೊಲೀಸರು ಕೊಡಬಹುದಾದ ಸ್ಪಷ್ಟನೆ. ಎರಡನೆಯದರೊಳಗೆ ಮೊದಲನೆಯದು ಅಕ್ಷರಶಃ ಪೂರ್ತಿ ಇದೆ. ಪದ ಹುಡುಕುವ ಯಂತ್ರಕ್ಕೆ ಎರಡೂ ಒಂದೇ.

ಇದು ಬರೀ ವ್ಯಾಕರಣದ ವಿಷಯವಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಮಕ್ಕಳ ಕಳ್ಳ ಎಂದು ಭಾವಿಸಿ ಗುಂಪೊಂದು ಹೊಡೆದು ಕೊಂದಿತು. ಅವನ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಹರಿದ ಮೆಸೇಜ್ ಅವರ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ‘ಫಾರ್ವರ್ಡೆಡ್’ ಎಂಬ ಗುರುತು ತಂದಿತು, ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳುಹಿಸಬಹುದು ಎಂಬ ಮಿತಿಯನ್ನೂ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಮೆಸೇಜ್‌ಗೆ ಈ ಮಿತಿ ಒಂದೇ ಚಾಟ್‌ಗೆ ಇಳಿಯಿತು.

ಇಲ್ಲಿ ಒಂದು ಅಂಶ ಗಮನಿಸಿ. ಎರಡು ಬಾಣದ ಗುರುತು ಬರುವುದು ಮೆಸೇಜ್‌ನಲ್ಲಿ ಕೆಟ್ಟ ಪದ ಇದೆ ಎಂದಲ್ಲ. ಅದು ಕೈಯಿಂದ ಕೈಗೆ ಐದು ಅಥವಾ ಹೆಚ್ಚು ಸಲ ದಾಟಿ ಬಂದಿದೆ ಎಂದಷ್ಟೇ ಅದರ ಅರ್ಥ. ಅಲ್ಲಿ ಎಣಿಸುವುದು ಹೆಜ್ಜೆಯನ್ನು, ಪದವನ್ನಲ್ಲ.

‘ಮೂರು ಟಿಕ್ ಬಂದರೆ ಸರ್ಕಾರ ಓದಿದೆ’ ಎಂಬುದು ನಿಜವೇ?

ಅಲ್ಲ. ಎರಡು ನೀಲಿ, ಒಂದು ಕೆಂಪು ಟಿಕ್ ಬಂದರೆ ಸರ್ಕಾರ ನಿಮ್ಮ ಮೆಸೇಜ್ ಪರಿಶೀಲಿಸಿ ಕ್ರಮ ಕೈಗೊಳ್ಳುತ್ತಿದೆ ಎಂಬ ಫಾರ್ವರ್ಡ್ ವರ್ಷಗಳಿಂದ ಸುತ್ತುತ್ತಿದೆ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಘಟಕ 2020ರಲ್ಲೇ ಇದು ಸುಳ್ಳು ಎಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಮೂರನೇ ಟಿಕ್ ಎಂಬುದೇ ಇಲ್ಲ. 2016ರಿಂದ ಅಲ್ಲಿನ ಚಾಟ್‌ಗಳು ಒಂದು ತುದಿಯಲ್ಲಿ ಬೀಗ ಹಾಕಿ ಇನ್ನೊಂದು ತುದಿಯಲ್ಲಷ್ಟೇ ತೆರೆಯುವ ರೀತಿಯಲ್ಲಿ ಹೋಗುತ್ತವೆ. ಹಾಗಾಗಿ ‘ಸುಳ್ಳಾಗಿದ್ದರೆ ಯಾರಾದರೂ ಮೇಲಿನವರು ತಡೆಯುತ್ತಿದ್ದರು’ ಎಂದು ನಂಬಿ ಕೂರುವಂತಿಲ್ಲ. ನಿಮ್ಮ ಗ್ರೂಪಿನಲ್ಲಿ ತಡೆಯಬೇಕಾದವರು ನೀವೇ.

ಎರಡು ಬಗೆಯ ತಪ್ಪು, ಎರಡು ಬಗೆಯ ಬೆಲೆ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಯಾವುದೇ ಹುಡುಕುವ ಯಂತ್ರ ಎರಡು ರೀತಿ ತಪ್ಪಬಹುದು. ಸುಳ್ಳನ್ನು ನಿಜ ಎನ್ನಬಹುದು, ನಿಜವನ್ನು ಸುಳ್ಳು ಎನ್ನಬಹುದು. ಪಟ್ಟಿಗೆ ಪದ ಸೇರಿಸುತ್ತಾ ಹೋದರೆ ಮೊದಲ ತಪ್ಪು ಕಡಿಮೆಯಾಗುತ್ತದೆ, ಎರಡನೆಯದು ಹೆಚ್ಚುತ್ತದೆ. ಪದ ತೆಗೆದರೆ ಇದರ ಉಲ್ಟಾ.

ಸುಳ್ಳು ರಜೆಯ ಮೆಸೇಜ್ ನಂಬಿದರೆ ಒಂದು ದಿನದ ಪಾಠ ತಪ್ಪುತ್ತದೆ. ಬರೆ ಜಾರುವ ನಿಜ ಮೆಸೇಜನ್ನು ಸುಳ್ಳು ಎಂದು ತಳ್ಳಿಹಾಕಿದರೆ ತಪ್ಪುವುದು ಜೀವ. 2018ರ ಆಗಸ್ಟ್‌ನ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲ ಸುತ್ತಮುತ್ತ ಗುಡ್ಡಗಳು ಕುಸಿದು ಹಲವರು ಸತ್ತರು, ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಕುಟುಂಬದ ಮನೆಯೇ ಮಣ್ಣಿನಡಿ ಸೇರಿತು. ಇಂಥ ಜಿಲ್ಲೆಯಲ್ಲಿ ‘ತುರ್ತು’ ಎಂಬ ಪದ ಕಂಡ ಕೂಡಲೇ ಸುಳ್ಳು ಎನ್ನುವ ಅಭ್ಯಾಸ ಅಪಾಯದ್ದು. ನಿಜವಾದ ತುರ್ತಿನಲ್ಲಿರುವವರೂ ಅದೇ ಪದವನ್ನೇ ಬಳಸುತ್ತಾರೆ.

ಸುಳ್ಳು ಫಾರ್ವರ್ಡ್‌ಗಳ ದೊಡ್ಡ ಹಾನಿಯೂ ಇಲ್ಲೇ ಇದೆ. ಮೂರು ಸಲ ಮೋಸಹೋದವರು ನಾಲ್ಕನೇ ಸಲದ ನಿಜ ಎಚ್ಚರಿಕೆಗೆ ಕಿವಿಗೊಡುವುದಿಲ್ಲ.

ಹಾಗಾದರೆ ಪದ ಹುಡುಕುವುದರಿಂದ ಪ್ರಯೋಜನವೇ ಇಲ್ಲವೇ?

ಇದೆ. ಪದದ ಹಿಂದೆ ಖಚಿತ ತಿಳಿವಳಿಕೆ ಇದ್ದಾಗ ಪ್ಯಾಟರ್ನ್ ಕೆಲಸಕ್ಕೆ ಬರುತ್ತದೆ. 2022ರ ಜೂನ್ ಕೊನೆಯಲ್ಲಿ ಮಡಿಕೇರಿ ಮತ್ತು ಸುಳ್ಯ ತಾಲ್ಲೂಕುಗಳ ಕೆಲವೆಡೆ ಸಣ್ಣ ಭೂಕಂಪನಗಳು ಆದವು. ಅಂಥ ಸಮಯದಲ್ಲಿ ‘ಇಂದು ರಾತ್ರಿ 12 ಗಂಟೆಗೆ ದೊಡ್ಡ ಭೂಕಂಪ’ ಎಂಬ ಮೆಸೇಜ್ ಬಂದರೆ ಅನುಮಾನಿಸಲು ಪದಗಳೇ ಸಾಕು. ಭೂಕಂಪದ ದಿನ ಮತ್ತು ಗಂಟೆಯನ್ನು ಮೊದಲೇ ಹೇಳುವ ವಿಧಾನ ಜಗತ್ತಿನ ಯಾವ ವಿಜ್ಞಾನಿಯ ಬಳಿಯೂ ಇಲ್ಲ. ಇಲ್ಲಿ ತೀರ್ಪು ಕೊಟ್ಟದ್ದು ವಿಜ್ಞಾನ, ಪ್ಯಾಟರ್ನ್ ಅದನ್ನು ನೆನಪಿಸಿತು ಅಷ್ಟೇ.

ಮೆಸೇಜ್‌ನಲ್ಲಿ ಏನು ಇಲ್ಲ ಎಂದು ನೋಡುವುದು ಇನ್ನೂ ಉಪಯುಕ್ತ. ಮೆಸೇಜ್ 1ರಲ್ಲಿ ದಿನಾಂಕ ಇಲ್ಲ, ‘ನಾಳೆ’ ಮಾತ್ರ ಇದೆ. ‘ನಾಳೆ’ಗೆ ವಯಸ್ಸಾಗುವುದಿಲ್ಲ, ಯಾವ ವರ್ಷ ಓದಿದರೂ ಅದು ನಾಳೆಯೇ. ಆದೇಶ ಹೊರಡಿಸಿದವರು ಯಾರು ಎಂದಿಲ್ಲ. ‘ಭಾರೀ ಮಳೆ’ ಎಂದಿದೆ, ಎಷ್ಟು ಎಂದಿಲ್ಲ. ಹವಾಮಾನ ಇಲಾಖೆಯ ಭಾಷೆಯಲ್ಲಿ ಈ ಪದಕ್ಕೆ ಅಳತೆ ಇದೆ: 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಸುರಿದರೆ ಭಾರೀ, 204.4 ದಾಟಿದರೆ ಅತ್ಯಂತ ಭಾರೀ.

ಮಕ್ಕಳು ತಮ್ಮ ಪ್ರೋಗ್ರಾಂನ ಕೊನೆಯ ಎರಡು ಹೆಜ್ಜೆ ಕಿತ್ತುಹಾಕಿದರು. ‘ನಿಜ’, ‘ಸುಳ್ಳು’ ಎಂಬ ತೀರ್ಪಿನ ಬದಲು ಪ್ರಶ್ನೆ ಕೇಳುವಂತೆ ಮಾಡಿದರು. ‘ನಾಳೆ’ ಇದ್ದರೆ: ‘ಯಾವ ದಿನಾಂಕದ ನಾಳೆ?’ ‘ರಜೆ’ ಇದ್ದರೆ: ‘ಜಿಲ್ಲಾಧಿಕಾರಿ ಆದೇಶ ನೋಡಿದಿರಾ, ಟೀಚರ್‌ಗೆ ಕೇಳಿದಿರಾ?’ ‘ಬರೆ’, ‘ಕುಸಿ’, ‘ಜಾರು’ ಇವುಗಳಲ್ಲಿ ಒಂದಾದರೂ ಇದ್ದರೆ: ‘ಮೊದಲು ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ ಕೇಳಿ.’

ನೀವು ಏನು ಮಾಡಬಹುದು?

ನಿಮ್ಮ ಫೋನಿನಲ್ಲಿ ಸ್ಕ್ರ್ಯಾಚ್ ಬೇಕಿಲ್ಲ. ಈ ಕ್ರಮ ಸಾಕು.

- ಪಾಲಿಸುವುದು ಮತ್ತು ಫಾರ್ವರ್ಡ್ ಮಾಡುವುದು ಎರಡು ಬೇರೆ ಕೆಲಸ. ಮನೆ ಬಿಟ್ಟು ಹೊರಬನ್ನಿ ಎಂಬ ಎಚ್ಚರಿಕೆ ನಿಮ್ಮ ಜಾಗದ್ದೇ ಆಗಿದ್ದರೆ, ಅನುಮಾನವಿದ್ದರೂ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಆದರೆ ಖಚಿತವಾಗುವವರೆಗೆ ಬೇರೆ ಗ್ರೂಪಿಗೆ ಕಳುಹಿಸಬೇಡಿ.
- ಮೆಸೇಜ್‌ಗಿಂತ ಗುಡ್ಡವನ್ನು ನೋಡಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕರೆಂಟ್ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ತೋಡಿನ ನೀರು, ಸರಿಯಾಗಿ ಮುಚ್ಚದಾದ ಬಾಗಿಲು ಇವು ಜಾರುವ ಮಣ್ಣಿನ ಲಕ್ಷಣಗಳು.
- ರಜೆ, ರಸ್ತೆ ಬಂದ್, ಅಣೆಕಟ್ಟೆ ನೀರು ಬಿಡುಗಡೆಯಂಥ ಸುದ್ದಿಗೆ ದಿನಾಂಕ ಮತ್ತು ಕಚೇರಿಯ ಹೆಸರು ಹುಡುಕಿ. ಇಲ್ಲದಿದ್ದರೆ ಜಿಲ್ಲೆಯ ತುರ್ತು ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಿ ಕೇಳಿ. ಜೀವಕ್ಕೆ ಅಪಾಯ ಇದ್ದರೆ 112.
- ನಿಮ್ಮ ಗ್ರೂಪಿನಲ್ಲೇ ಹಳೆಯದನ್ನು ಹುಡುಕಿ. ‘ರಜೆ’ ಎಂದು ಹಾಕಿದರೆ ಹೋದ ವರ್ಷದ ಅದೇ ಮೆಸೇಜ್ ಸಿಕ್ಕರೂ ಸಿಗಬಹುದು. ಹುಡುಕುವಾಗ ‘ಕೊಡಗು’ ಎನ್ನುವ ಬದಲು ‘ಕೊಡಗ’ ಎಂದು ಪದದ ಬದಲಾಗದ ಭಾಗ ಕೊಡಿ.
- ಎಚ್ಚರಿಕೆ ಕಳುಹಿಸುವವರು ನೀವಾದರೆ ಊರು, ದಿನಾಂಕ, ಸಮಯ, ನೀವು ಕಣ್ಣಾರೆ ಕಂಡದ್ದೇನು ಮತ್ತು ನಿಮ್ಮ ಹೆಸರು ಬರೆಯಿರಿ. ‘ಎಲ್ಲರಿಗೂ ಕಳುಹಿಸಿ’ ಎನ್ನುವ ಬದಲು ‘ಈ ಲೈನಿನವರಿಗೆ ತಿಳಿಸಿ’ ಎನ್ನಿ.

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನ್‌ಗಳೆಲ್ಲ ಒಮ್ಮೆಲೇ ಜೋರಾಗಿ ಕೂಗಿದ್ದು ನೆನಪಿರಬಹುದು. ಅದು ಟವರ್ ಮೂಲಕ ನೇರವಾಗಿ ಬರುವ ಸರ್ಕಾರಿ ಎಚ್ಚರಿಕೆಯ ಪರೀಕ್ಷೆ. ಅಂಥ ಎಚ್ಚರಿಕೆಯನ್ನು ಯಾರೂ ಫಾರ್ವರ್ಡ್ ಮಾಡಬೇಕಿಲ್ಲ. ಆ ಪ್ರದೇಶದ ಫೋನ್‌ಗಳಿಗೆ ಅದು ತಾನೇ ಬರುತ್ತದೆ.

ಕೊನೆಗೆ ಮಕ್ಕಳು ಎರಡೂ ಮೆಸೇಜ್‌ಗಳನ್ನು ಹೊಸ ಪ್ರೋಗ್ರಾಂಗೆ ಕೊಟ್ಟರು. ಮೊದಲನೆಯದಕ್ಕೆ ‘ಯಾವ ದಿನಾಂಕದ ನಾಳೆ?’ ಎಂದಿತು. ಎರಡನೆಯದಕ್ಕೆ ‘ಮೊದಲು ಹೊರಗೆ ಬನ್ನಿ’ ಎಂದಿತು. ಲೈನ್ ಮನೆಯ ಹುಡುಗಿ ಇನ್ನೊಂದು ಸಾಲು ಟೈಪ್ ಮಾಡಿದಳು: ‘ಅಜ್ಜಿ ಪತ್ರ ಬರೆದಿದ್ದಾರೆ.’ ಯಂತ್ರ ಅದಕ್ಕೂ ಹೊರಗೆ ಬನ್ನಿ ಎಂದಿತು. ಕ್ಲಾಸೆಲ್ಲ ನಕ್ಕಿತು. ಅವಳು ಹೇಳಿದಳು: ‘ಪರ್ವಾಗಿಲ್ಲ ಮಿಸ್, ಇದು ತಪ್ಪಿದ್ರೆ ನಾವು ಸುಮ್ನೆ ಒಂದ್ಸಲ ಹೊರಗೆ ಬರ್ತೀವಿ ಅಷ್ಟೇ.’